ಕೊನೆಯ ಪಲ್ಲವಿಗೆ ಅರ್ಧ ಸ್ವರ ಮೇಲೆ

ಬಾಸ್ಕಿಂಗ್ ರಿಡ್ಜ್‌ನ ನಮ್ಮ ಆಫೀಸಿನಲ್ಲಿ ಒಂದು ಬ್ಯಾಂಡ್ ಇತ್ತು. ಗಿಟಾರ್ ನುಡಿಸುತ್ತಿದ್ದವರು ನನ್ನ ಪಕ್ಕದ ಡೆಸ್ಕಿನ ಜಪಾನಿ ಸಹೋದ್ಯೋಗಿ. ಹೆಚ್ಚಾಗಿ ಅವರ ದೇಶದ ರಾಕ್ ಹಾಡುಗಳೇ. ಅವರು ಹಾಡಬೇಕಿದ್ದ ಆಫೀಸಿನ ಬೇಸಿಗೆ ಪಿಕ್ನಿಕ್‌ಗೆ ಎರಡು ವಾರವಿದ್ದಾಗ ಬ್ಯಾಂಡಿನ ಗಾಯಕಿ ಕೆಲಸ ಬಿಟ್ಟಳು. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆನೆಂದು ನಾನು ಯಾವಾಗಲೋ ಬಾಯಿಬಿಟ್ಟಿದ್ದೆ. ಆ ಸಹೋದ್ಯೋಗಿ ನೇರವಾಗಿ ಬಂದು ಹಾಡುತ್ತೀರಾ ಎಂದು ಕೇಳಿದರು. ಇಲ್ಲವೆನ್ನಲು ಆಗಲಿಲ್ಲ.

ನನಗೆ ಜಪಾನಿ ಭಾಷೆ ಬಾರದು. ಅವರು ಸಾಲುಸಾಲಾಗಿ ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದಿದೆ. ಉಚ್ಚಾರ ಅಷ್ಟು ಸರಿಯಾಗಿ ಬಂದದ್ದಕ್ಕೆ ಅವರು ಹುಬ್ಬೇರಿಸಿದರು. ಅವರ ಮಾತುಗಳೂ ನಮ್ಮವುಗಳಂತೆ ಅ, ಇ, ಉಗಳಲ್ಲೇ ಹೆಚ್ಚಾಗಿ ಮುಗಿಯುತ್ತವೆ. ಒಂದಕ್ಷರವನ್ನೂ ನುಂಗದೆ ಒಂದೊಂದಕ್ಕೂ ಒಂದೊಂದು ಸ್ವರ. ಪಲ್ಲವಿಯಲ್ಲಿ ಮಧ್ಯಮವಿಲ್ಲ, ನಿಷಾದವಿಲ್ಲ, ಥೇಟ್ ನಮ್ಮ ಮೋಹನ ರಾಗ. ಆದರೆ ಕೆಳಗೆ ಗಿಟಾರಿನ ಕಾರ್ಡ್‌ಗಳು, ಎಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲುಗಳು, ಒಂದು ಕಡೆ ನಿಲ್ಲುತ್ತಿರಲಿಲ್ಲ. ಇನ್ನೇನು ಷಡ್ಜಕ್ಕೆ ಬಂದವು ಅನ್ನುವಷ್ಟರಲ್ಲಿ ಬೇರೆಲ್ಲೋ ತಿರುಗುತ್ತಿದ್ದವು.

ನಾನು ಎಡವಿದ್ದು ಕೊನೆಯಲ್ಲಿ. ಕೊನೆಯ ಪಲ್ಲವಿಗೆ ಇಡೀ ಹಾಡು ಅರ್ಧ ಸ್ವರ ಮೇಲಕ್ಕೆ ಜಿಗಿಯುತ್ತದೆ. ಹಾಡಿನ ನಡುವೆ ಶ್ರುತಿ ಬದಲಾಯಿಸುವುದೇ? ಅಭ್ಯಾಸದಲ್ಲಿ ಮೂರು ಸಲವೂ ಎಲ್ಲರೂ ಏರಿದರು, ನಾನೊಬ್ಬಳೇ ಕೆಳಗೆ ಉಳಿದೆ. ನಾಚಿಕೆಯಾಯಿತು.

ಪಿಸ್ಕಾಟವೇಯ ಮನೆಯಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿಕೊಂಡು ಹಾಡುತ್ತಿದ್ದೆ. ಹೈಸ್ಕೂಲಿನ ಮಗಳು ಕೇಳಿಸಿಕೊಂಡು ಬಂದಳು.

"ಅಮ್ಮಾ, ಟರ್ನ್ ದಟ್ ಥಿಂಗ್ ಆಫ್. ಯು ಆರ್ ಸ್ಟಕ್ ಟು ದ ಓಲ್ಡ್ ಸಾ."

"ಶ್ರುತಿ ಇಲ್ದೆ ಹೇಗೆ ಹಾಡ್ಲಿ?"

"ಜಸ್ಟ್ ಫಾಲೋ ದ ಗಿಟಾರ್."

ಆಫ್ ಮಾಡಿದೆ. ಮರುದಿನದಿಂದ ಕಾರಿನಲ್ಲಿ ಆಫೀಸಿಗೆ ಹೋಗಿಬರುತ್ತ ಆ ಹಾಡಿನ ರೆಕಾರ್ಡಿಂಗ್ ಜೊತೆಗೇ ಹಾಡಿದೆ. ಜಿಗಿತಕ್ಕೆ ಮುಂಚೆ ಬರುವ ಒಂದು ಕಾರ್ಡ್ ಹೊಸ ಷಡ್ಜದ ದಾರಿ ತೋರಿಸುತ್ತದೆಂದು ನಾಲ್ಕನೆಯ ದಿನ ಕಿವಿಗೆ ಹತ್ತಿತು.

ಪಿಕ್ನಿಕ್ ದಿನ ಆ ಜಾಗ ಬಂದಾಗ ಸಹೋದ್ಯೋಗಿ ನನ್ನತ್ತ ತಲೆಯಾಡಿಸಿದರು. ಏರಿದೆ. ಮೇಲಿನ ಗಾಂಧಾರದಲ್ಲಿ ಮಾತ್ರ ಧ್ವನಿ ಒಡೆಯಿತು.

ಆಮೇಲೆ ಕ್ಷಮೆ ಕೇಳಿದೆ. ಅವರು ಗಿಟಾರನ್ನು ಚೀಲಕ್ಕೆ ಹಾಕುತ್ತ, "ನಮ್ಮಲ್ಲಿ ಆ ಜಾಗದಲ್ಲಿ ಧ್ವನಿ ಒಡೆದರೇ ಜನಕ್ಕೆ ಇಷ್ಟ. ಕಷ್ಟಪಟ್ಟು ಏರಿದ್ದು ಕೇಳಿಸಬೇಕು" ಎಂದರು. ನನ್ನ ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯಲಿಲ್ಲ. ಜೊತೆಗೆ ಬಂದಿದ್ದ ಮಗಳು ಜಪಾನಿ ಹಾಡುಗಳನ್ನು ಕೇಳುತ್ತಿದ್ದವಳು, ಅವಳನ್ನು ಕೇಳಿದೆ.

"ಟ್ರೂ," ಎಂದಳು, ಜೋಳ ಕಡಿಯುತ್ತ.