ಟವೆಲ್ಲಿನ ಕೆಳಗೆ ನಾಲ್ಕು ಬೆರಳು

ಮೂವತ್ತು ವರ್ಷದಿಂದ ಸಂತೆಯಲ್ಲಿ ದನದ ಬಾಯಿ ತೆಗೆಸಿ ಹಲ್ಲು ನೋಡುತ್ತಾ ಬಂದವನು ನಾನು. ಮಂಡ್ಯದ ಗಂಟಲು ಡಾಕ್ಟರಮ್ಮನ ಮುಂದೆ ನಾನೇ ಬಾಯಿ ತೆಗೆದು ಕೂತ ದಿನ, ಎತ್ತಿಗೆ ಆಗ ಏನನ್ನಿಸುತ್ತದೆ ಅಂತ ತಿಳಿಯಿತು.

"ನಾಲಿಗೆ ಚಾಚಿ" ಅಂದರು. ಚಾಚಿದೆ.

"ಪೂರ್ತಿ ಚಾಚಿ."

"ಪೂರ್ತಿನೇ ಮೇಡಂ. ಇರೋದೇ ಇಷ್ಟು."

ಹಿಂದೆ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಊರಿಗೆಲ್ಲ ಬುದ್ಧಿ ಹೇಳಿಕೊಂಡು ತಿರುಗುವ ನಾಲಿಗೆ ಇಲ್ಲಿ ತುಟಿ ದಾಟಲಾರದೆ ಒದ್ದಾಡುತ್ತಿತ್ತು.

ನನ್ನ ದನಿ ಹುಟ್ಟಿನಿಂದಲೇ ಗೊಗ್ಗರು. ಅವ್ವ ಹೆತ್ತಾಗ ನಾನು ಅತ್ತಿದ್ದೇ ಯಾರಿಗೂ ಕೇಳಿಸಲಿಲ್ಲವಂತೆ. ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ನಾನು "ಪ್ರೆಸೆಂಟ್ ಸಾರ್" ಅಂದಿದ್ದು ಎರಡನೇ ಬೆಂಚಿಗೂ ಮುಟ್ಟುತ್ತಿರಲಿಲ್ಲ. ಎದುರಿಗೇ ಕೂತಿದ್ದು ಆಬ್ಸೆಂಟ್ ಆಗುತ್ತಿದ್ದವನು ಇಡೀ ಮಳವಳ್ಳಿ ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಏಳನೇ ಕ್ಲಾಸಿಗೆ ಬಿಟ್ಟು ಅಪ್ಪನ ಹಿಂದೆ ದನದ ಸಂತೆಗೆ ಹೋದೆ. ಆಮೇಲೆ ಕೇಳಿದವರಿಗೆಲ್ಲ, "ನಂಗೆ ಚಿಕ್ಕಂದಿನಿಂದ್ಲೂ ವ್ಯಾಪಾರದ ತಲೆ" ಅಂತ ಹೇಳಿಕೊಂಡು ಬಂದೆ.

ಸಂತೆ ನನ್ನಂಥವನಿಗೆ ಅಂತಲೇ ಮಾಡಿದ ಜಾಗ. ಅಲ್ಲಿ ವ್ಯಾಪಾರ ಕುದುರುವುದು ಬಾಯಲ್ಲಲ್ಲ, ಟವೆಲ್ಲಿನ ಕೆಳಗೆ. ಇಬ್ಬರ ಕೈ ಮೇಲೆ ಒಂದು ಟವೆಲ್ಲು ಮುಚ್ಚಿಕೊಂಡು ಬೆರಳು ಹಿಡಿದರೆ ಸಾಕು, ಯಾವ ಬೆರಳಿಗೆ ಎಷ್ಟು ಅಂತ ಇಬ್ಬರಿಗೂ ಗೊತ್ತು, ಸುತ್ತ ನಿಂತವರಿಗೆ ಗೊತ್ತಿಲ್ಲ. ಟವೆಲ್ಲಿನಾಚೆ ನಾನು ಮಾತಾಡಿದರೂ ಲಾಭವೇ. ನನ್ನ ಮಾತು ಕೇಳಿಸಿಕೊಳ್ಳಲು ಗಿರಾಕಿ ಬಗ್ಗಬೇಕು. ಬಗ್ಗಿದವನು, ಇವನೇನೋ ನನಗೊಬ್ಬನಿಗೇ ಗುಟ್ಟು ಹೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದ. ದನಿ ಯಾಕೆ ಹೀಗೆ ಅಂದವರಿಗೆ, ಸಂತೆಯಲ್ಲಿ ಕೂಗಿ ಕೂಗಿ ಹೋಯಿತು ಅನ್ನುತ್ತಿದ್ದೆ. ನಾನು ಕೂಗಿದ್ದನ್ನು ಕಂಡವರು ಯಾರೂ ಇಲ್ಲ. ಆದರೂ ನಂಬುತ್ತಿದ್ದರು.

ಡಾಕ್ಟರಮ್ಮ ನಂಬಲಿಲ್ಲ. ಟಾರ್ಚು ಬಿಟ್ಟು ರೆಪ್ಪೆಯಂಚು ನೋಡಿದರು. ಅಲ್ಲಿ ಸಾಸಿವೆ ಪೋಣಿಸಿದ ಹಾಗೆ ಸಾಲಾಗಿ ಗುಳ್ಳೆಗಳಿವೆ. ಮೊಣಕೈಯ ದಪ್ಪ ಚರ್ಮ, ಹುಡುಗನಾಗಿದ್ದಾಗಿನ ಸಣ್ಣ ಗಾಯವೂ ಬಿಟ್ಟುಹೋದ ಕಲೆ, ಎಲ್ಲ ನೋಡಿದರು. ನಾನು ಒಂದು ಹಸುವಿನ ಸುತ್ತ ಅಷ್ಟು ಸಲ ಸುತ್ತಿದರೆ ಮಾರುವವನು ಹಗ್ಗ ಬಿಚ್ಚಿಕೊಂಡು ಹೋಗುತ್ತಿದ್ದ. ಆಮೇಲೆ ಕೇಳಿದರು, "ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆ ಆದವರಾ?"

"ಬಹಳ ಒಳ್ಳೇ ಸಂಬಂಧ ಮೇಡಂ. ನಮ್ಮಪ್ಪ ಸ್ವಂತ ಅಕ್ಕನ ಮಗಳನ್ನೇ ತಂದಿದ್ದು" ಅಂದೆ ಹೆಮ್ಮೆಯಿಂದ.

ಚರ್ಮದ ಚೂರು ತೆಗೆದರು, ರಕ್ತ ಬೆಂಗಳೂರಿಗೆ ಹೋಯಿತು. ಬಂದ ಉತ್ತರದಲ್ಲಿ ಇಸಿಎಂ-ಒನ್ ಅನ್ನುವ ಜೀನಿನ ಹೆಸರಿತ್ತು. ಡಾಕ್ಟರಮ್ಮ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೈಯ ಜೀವಕೋಶಗಳ ನಡುವೆ ಇಟ್ಟಿಗೆ ನಡುವಿನ ಗಾರೆಯಂಥದ್ದು ಇರುತ್ತದೆ. ಆ ಗಾರೆಯನ್ನು ಹದವಾಗಿಡುವ ಒಂದು ಪ್ರೋಟೀನು ಮಾಡಲು ಈ ಜೀನು ಬೇಕು. ಅದು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೆ ತೊಂದರೆಯಿಲ್ಲ. ನನಗೆ ಬಂದಿದ್ದು ಎರಡೂ ಕೆಟ್ಟವು. ಆಲೆಮನೆಯ ಕೊಪ್ಪರಿಗೆಯ ಅಂಚಿಗೆ ಪಾಕ ಕಟ್ಟಿಕೊಳ್ಳುವ ಹಾಗೆ ನನ್ನ ಗಂಟಲಿನಲ್ಲೂ ಚರ್ಮದಲ್ಲೂ ಏನೋ ಕಟ್ಟಿಕೊಂಡಿದೆ ಅಂತ ನಾನು ಅರ್ಥ ಮಾಡಿಕೊಂಡೆ. ಗಂಟಲಲ್ಲಿ ಒಂದಿಷ್ಟು ಕೆರೆದು ತೆಗೆಯಬಹುದಂತೆ. ಪೂರಾ ವಾಸಿ ಅನ್ನುವುದಿಲ್ಲ.

ಇಲ್ಲಿ ನನ್ನ ಜಾಣತನದ ಬಗ್ಗೆ ಒಂದು ಮಾತು ಹೇಳಲೇಬೇಕು. ಹಸುವಿಗೆ ಗಬ್ಬ ಕಟ್ಟಿಸುವ ಇಂಜೆಕ್ಷನ್ ಕೊಡಿಸುವವರಿಗೆಲ್ಲ ನಾನು ಕರೆದು ಕರೆದು ಹೇಳುತ್ತೇನೆ: "ಈ ಕಡಸು ಯಾವ ಓರಿಗೆ ಉಟ್ಟಿದ್ದು? ಅದೇ ಓರಿ ನಂಬರಿನ ವೀರ್ಯದ ಕಡ್ಡಿ ಇದಕ್ಕೆ ಆಕಿಸ್ಬ್ಯಾಡಿ, ತಳಿ ಕೆಟ್ಟೋಯ್ತದೆ." ಹೀಗೆ ಸುತ್ತಿನ ಊರಿನ ದನಗಳ ವಂಶವನ್ನೆಲ್ಲ ಕಾಪಾಡಿದವನು, ಮನೆಯಲ್ಲಿ ನನ್ನ ಮಗಳನ್ನು ನನ್ನಕ್ಕನ ಮಗನಿಗೇ ಕೊಡುವುದೆಂದು ಮಾತು ಮುಗಿಸಿ ಕೂತಿದ್ದೆ. ಅದೂ ನನ್ನ ಚಾಲಾಕಿನಿಂದ ಕುದುರಿದ ಸಂಬಂಧ ಅಂತ ಬೀಗುತ್ತಿದ್ದೆ. ಹುಡುಗ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ, ಮಗಳು ಮಂಡ್ಯದಲ್ಲಿ ಬಿ.ಎಡ್. ಓದುತ್ತಾಳೆ. ನಾನು ಮಾತಿಗೆ ಕೂರುವ ಎಷ್ಟೋ ಮುಂಚೆಯೇ ಅವರಿಬ್ಬರೂ ತಮ್ಮ ತಮ್ಮಲ್ಲೇ ತೀರ್ಮಾನ ಮಾಡಿಕೊಂಡಿದ್ದರು ಅನ್ನುವುದು ನನಗೊಬ್ಬನಿಗೇ ಗೊತ್ತಿರಲಿಲ್ಲ.

"ನಿಮ್ಮ ಮಗಳಲ್ಲಿ ಒಂದು ಕೆಟ್ಟ ಜೀನು ಇದ್ದೇ ಇರುತ್ತೆ" ಅಂದರು ಡಾಕ್ಟರಮ್ಮ. "ನಿಮ್ಮಕ್ಕನ ಮಗನಲ್ಲೂ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಅವರ ಮಕ್ಕಳಲ್ಲಿ ನಾಲ್ಕಕ್ಕೊಂದು ನಿಮ್ಮ ಥರ."

ಚೌಕಾಸಿ ಮಾಡದೆ ಎದ್ದು ಬಂದ ಅಭ್ಯಾಸವಿಲ್ಲ ನನಗೆ. "ಮೇಡಂ, ಮೂರು ಮಕ್ಕಳಿಗೆ ನಿಲ್ಲಿಸಿದ್ರೆ?"

ಅವರು ನಗಲಿಲ್ಲ. "ಮೊದಲನೆಯದೇ ಆಗಬಹುದು ಯಜಮಾನ್ರೇ. ಪ್ರತಿ ಸಲವೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಮೊದಲು ಆ ಹುಡುಗನ ರಕ್ತ ನೋಡೋಣ."

ಮಗಳು ಎಲ್ಲ ಕೇಳಿಸಿಕೊಂಡು, "ಪರೀಕ್ಷೆ ಆಗದೆ ಮದ್ವೆ ಬೇಡಪ್ಪ" ಅಂದಳು. ಹುಡುಗನಿಗೆ ಫೋನು ಮಾಡಿದರೆ, "ನಾನು ರಕ್ತ ಕೊಡ್ತೀನಿ ಮಾವ, ಅವ್ವನ್ನ ನೀವು ಒಪ್ಪಿಸಿ" ಅಂದ. ಹಾಗಾಗಿ ಮದ್ದೂರಿಗೆ ಬಸ್ಸು ಹತ್ತಿ ಅಲ್ಲಿಂದ ಅಕ್ಕನ ಊರಿಗೆ ಹೋದೆ.

ಅಕ್ಕ ಇರುವುದು ಕೊಕ್ಕರೆ ಬೆಳ್ಳೂರಿನಲ್ಲಿ. ಮನೆ ಮುಂದಿನ ಹುಣಸೆಮರದ ತುಂಬ ಕೊಕ್ಕರೆ ಗೂಡು, ಮರಿಗಳ ಕಾಲ. ಗಂಟಲು ಚೆನ್ನಾಗಿರುವವರೇ ಅಲ್ಲಿ ಕೂಗಿ ಮಾತಾಡಬೇಕು. ಜಗಲಿಯ ಮೇಲೆ ಕೂತು ವಿಷಯ ತೆಗೆದೆ. ಅಕ್ಕನಿಗೆ 'ರಕ್ತ' ಅನ್ನುವುದೊಂದು ಕೇಳಿಸಿತು, ಅಷ್ಟೇ.

"ಏನ್ಲಾ ಅಂಗಂದ್ರೆ? ನನ್ ಮಗ ಏನು ಸಂತೇಲಿ ಕಟ್ಟಿರೋ ಓರಿನಾ, ಅಲ್ಲು ನೋಡಿ ರಕ್ತ ನೋಡಿ ಇಡ್ಕೊಂಡೋಗಕ್ಕೆ?"

"ಅಂಗಲ್ಲ ಕಣಕ್ಕ, ಒಸಿ ಕೇಳು..."

"ಜೋರಾಗಿ ಏಳ್ಲಾ! ಈ ಕೊಕ್ಕರೆ ಗಲಾಟೇಲಿ ಏನೂ ಕೇಳಕ್ಕಿಲ್ಲ."

ಜೋರಾಗಿ ಹೇಳುವುದೊಂದು ಬಿಟ್ಟು ಬೇರೇನು ಬೇಕಾದರೂ ಮಾಡಬಲ್ಲೆ. ಹೆಗಲ ಮೇಲಿನ ಟವೆಲ್ಲು ತೆಗೆದು ಅವಳ ಕೈಮೇಲೆ ಹಾಸಿದೆ. ಅಕ್ಕನಿಗೆ ಈ ಭಾಷೆ ನನಗಿಂತ ಮೊದಲೇ ಬರುತ್ತಿತ್ತು. ಅಪ್ಪ ಕಲಿಸಿದ್ದು ನನಗೆ, ನೋಡಿ ಕಲಿತವಳು ಅವಳು. ಟವೆಲ್ಲಿನ ಕೆಳಗೆ ಅವಳ ಅಂಗೈಯಲ್ಲಿ ನನ್ನ ನಾಲ್ಕು ಬೆರಳಿಟ್ಟೆ. ಕಿವಿಯ ಹತ್ತಿರ ಬಗ್ಗಿ, "ಇವು ನಮ್ಮ ಮೊಮ್ಮಕ್ಕಳು" ಅಂದೆ. ಒಂದನ್ನು ಮಡಿಸಿದೆ. "ಇದು ನನ್ನಂಗೆ ಉಟ್ಟೀತು. ಅದಕ್ಕೇ ಪರೀಕ್ಸೆ."

ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಉಳಿದ ಮೂರು ಬೆರಳನ್ನು ಅದುಮಿದಳು. "ಮೂರಕ್ಕೇ ನಿಲ್ಲಿಸ್ಲಿ ಬುಡು."

ನನಗೆ ನಗು ಬಂದುಬಿಟ್ಟಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಡಾಕ್ಟರಮ್ಮನ ಚೀಟಿಯ ಮಾತು ವಿವರಿಸಿದೆ. ಅವಳು ಕೈ ಬಿಡಲಿಲ್ಲ. ಮಡಿಸಿದ್ದ ಬೆರಳನ್ನು ಹುಡುಕಿ ಬಿಡಿಸಿ ಹಿಡಿದುಕೊಂಡಳು.

"ನಿನ್ನಂಗೆ ಉಟ್ಟಿದ್ರೆ ಏನಾಯ್ತದ್ಲಾ? ನೀನು ಎಲ್ರಿಗಿಂತ ಚೆಂದಾಗೇ ಬದುಕಿಲ್ವಾ?"

ಅವಳು ಹೇಳಿದ್ದು ನಾನೇ ಊರೆಲ್ಲ ಸಾರಿದ ಕಥೆ. ಈಗ ಅದನ್ನೇ ನನಗೆ ವಾಪಸು ಮಾರುತ್ತಿದ್ದಳು.

ಆಗ ಯಾರಿಗೂ ಹೇಳದಿದ್ದ ಒಂದನ್ನು ಹೇಳಿದೆ. ಮಗಳು ಪುಟ್ಟವಳಿದ್ದಾಗ ಗದ್ದೆಯಿಂದ ನಾಲೆಯ ಏರಿ ಮೇಲೆ ಓಡಿದ್ದಳು. ನಾಲೆಯಲ್ಲಿ ತುಂಬಾ ನೀರು. ನಾನು ಕೂಗಿದೆ. ಕೂಗಿದೆ ಅಂದರೆ ಬಾಯಿ ತೆಗೆದೆ. ಅವಳಿಗೆ ಕೇಳಿಸಲಿಲ್ಲ, ತಿರುಗಲಿಲ್ಲ. ಆಚೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಕಂಡು ಹಿಡಿದುಕೊಂಡರು. ಅವರು ಅಲ್ಲಿರದಿದ್ದರೆ ಇವತ್ತು ನಾವು ಯಾರ ಮದುವೆಯ ಮಾತಾಡುತ್ತಿದ್ದೆವು?

ಅಕ್ಕ ಟವೆಲ್ಲು ಎಳೆದು ನನ್ನ ಮುಖ ಒರೆಸಿದಳು. ಬೆವರು ಅಂದುಕೊಂಡೆ. ಅಷ್ಟರಲ್ಲಿ ಮೇಲಿನಿಂದ ಕೊಕ್ಕರೆಯೊಂದು ನನ್ನ ತಲೆ ಮೇಲೆ ತನ್ನ ಅಭಿಪ್ರಾಯವನ್ನೂ ಉದುರಿಸಿತ್ತಾದ್ದರಿಂದ ಯಾವುದನ್ನು ಒರೆಸಿದಳೋ ಗೊತ್ತಿಲ್ಲ.

"ಕರ್ಕೊಂಡೋಗ್ಲಾ ಅವನ್ನ" ಅಂದಳು.

ರಕ್ತ ಕೊಟ್ಟಮೇಲಿನ ಆ ಕೆಲವು ವಾರ ನಾನು ಸಂತೆಯಲ್ಲಿ ಯಾರಿಗೂ ಬುದ್ಧಿ ಹೇಳಲಿಲ್ಲವಂತೆ. ಎಲ್ಲರೂ ನನ್ನ ಆರೋಗ್ಯ ವಿಚಾರಿಸಿದರು.

ಹುಡುಗನಲ್ಲಿ ಆ ಕೆಟ್ಟ ಜೀನು ಇರಲಿಲ್ಲ. ಮಕ್ಕಳಿಗೆ ಮಗಳಿಂದ ಒಂದು ಹೋದರೂ ಕಾಯಿಲೆ ಬರುವುದಿಲ್ಲ ಅಂದರು ಡಾಕ್ಟರಮ್ಮ. ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೇ ಫೋನು ಹಿಡಿದು ಅತ್ತಳು. ನಾನು ಅಕ್ಕನ ಮನೆಗೆ ಹೋದೆ. ಅವಳು ಟವೆಲ್ಲು ತಾನೇ ಸಿದ್ಧ ಮಾಡಿಕೊಂಡು ಕೂತಿದ್ದಳು.

"ಈಗ ವ್ಯಾಪಾರ ಬ್ಯಾರೆ ಕಣ್ಲಾ. ನಂದು ಸುದ್ದ ಮಾಲು, ಐಬು ನಿಂದ್ರಲ್ಲಿ. ಮದ್ವೆ ಆಗ್ಬೇಕು ಅಂದ್ರೆ ಒಂದು ಮಾತು. ಆಮೇಕೆ ಅವ್ರಿಬ್ರಿಗೂ ನೀನು ಒಂದು ಬುದ್ಧಿಮಾತೂ ಏಳ್ಕೂಡ್ದು."

"ಅಕ್ಕೋ, ಅನ್ಯಾಯ ಕಣಕ್ಕ!" ಅಂದೆ. ಟವೆಲ್ಲಿನ ಕೆಳಗೆ ನಾಲ್ಕು ಬೆರಳು ಹಿಡಿದೆ, ತಿಂಗಳಿಗೆ ನಾಲ್ಕು ಬುದ್ಧಿಮಾತು ಅಂತ. ಒಂದೊಂದೇ ಮಡಿಸುತ್ತಾ ಬಂದಳು. ಕೊನೆಗೆ ಉಳಿದದ್ದು ಕಿರುಬೆರಳು. ಅದನ್ನು ಮಾತ್ರ ನಾನು ಬಿಡಲಿಲ್ಲ.

ತಿಂಗಳಿಗೆ ಒಂದು. ಮೊದಲನೆಯದನ್ನು ಮದುವೆ ಚಪ್ಪರದಲ್ಲೇ ಖರ್ಚು ಮಾಡಿದೆ. ಮಗಳು, ಅಳಿಯ ಇಬ್ಬರೂ ನನ್ನ ಕಡೆ ಬಗ್ಗಿದರು. "ನಿಮ್ಮ ಮಕ್ಕಳಿಗೆ ಹೆಣ್ಣು ಗಂಡು ನೋಡೋವಾಗ ಮೊದ್ಲು ರಕ್ತ ನೋಡ್ಸಿ" ಅಂದೆ. ವಾಲಗದ ಸದ್ದು ಬಹಳ ಜೋರಿತ್ತು.

"ಏನಂದ್ರಿ ಮಾವ?" ಅಂದ ಅಳಿಯ.

ಇನ್ನೊಂದು ಸಲ ಹೇಳೋಣ ಅಂತ ಬಾಯಿ ತೆಗೆದೆ. ಪಕ್ಕದಲ್ಲೇ ನಿಂತಿದ್ದ ಅಕ್ಕ ಕಿರುಬೆರಳು ಎತ್ತಿ ತೋರಿಸಿ, ಮಡಿಸಿದಳು.