ತಿರುವಿನಲ್ಲಿ ತಡವರಿಸುತ್ತಿದ್ದ ಕಾರು

೨೦೦೪ರಲ್ಲಿ ನಾನು ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮೊದಲು ರೇಡಿಯೋ, ಆಮೇಲೆ ಟಿವಿ, ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್, ಹೀಗೆ ನೋಡಿ ಕಲಿತ ವಿದ್ಯೆ. ನಮ್ಮದು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರ ಮನೆತನ. ಪೂಜೆಗೆ ಅಣ್ಣನಿದ್ದ. ಸ್ಕ್ರೂಡ್ರೈವರ್ ಹಿಡಿದ ನನ್ನನ್ನೂ ಊರವರು ಇಂದ್ರರೇ ಎಂದೇ ಕರೆಯುತ್ತಿದ್ದರು.

ಆ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಸಿದ್ಧಕಟ್ಟೆಯ ಇಬ್ರಾಹಿಂ ತಮ್ಮ ಕಂಪ್ಯೂಟರನ್ನು ರಿಕ್ಷಾದಲ್ಲಿ ತಂದರು. ಗಲ್ಫಿನ ಒಂದು ಬೇಕರಿಯಲ್ಲಿ ಅವರಿಗೆ ಕೆಲಸ. ಹಿಟ್ಟಿನ ಧೂಳಿಗೆ ದಮ್ಮು ಹಿಡಿದಿತ್ತು, ಒಲೆಯ ಮುಂದೆ ಇನ್ನು ನಿಲ್ಲಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ಬೇಕರಿಯ ವ್ಯಾನ್ ಓಡಿಸುವ ಕೆಲಸ ಖಾಲಿಯಾಗುವುದರಲ್ಲಿತ್ತು. ಲೈಸೆನ್ಸ್ ಸಿಕ್ಕರೆ ಅದು ಇವರಿಗೆ. ಆದರೆ ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುತ್ತವೆ. ಊರಿನಲ್ಲಿ ಜೀಪು ಓಡಿಸಿ ಪಳಗಿದ ಕೈ ತಿರುವು ಬಂದಾಗಲೆಲ್ಲ ಎಡಕ್ಕೆ ಎಳೆಯುತ್ತಿತ್ತು, ಹಾಗಾಗಿ ಅವರು ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದರು. ರಜೆಗೆ ಬರುವಾಗ ಕಂಪ್ಯೂಟರಿಗೆ ಜೋಡಿಸುವ ಪ್ಲಾಸ್ಟಿಕ್ ಸ್ಟೀರಿಂಗ್ ಒಂದನ್ನು ತಂದಿದ್ದರು. ಬಲಬದಿಯಲ್ಲಿ ಕಾರು ಓಡಿಸುವ ಒಂದು ಗೇಮ್ ಹಾಕಿಸಿಕೊಂಡು ದಿನವೂ ಅಭ್ಯಾಸ ಮಾಡುತ್ತಿದ್ದರು. ನಮ್ಮ ಯಾವ ರಸ್ತೆಯಲ್ಲೂ ಮಾಡಲಾಗದ ಅಭ್ಯಾಸ ಅದು. ಅಷ್ಟರಲ್ಲಿ ವೈರಸ್ ಹೊಕ್ಕು ವಿಂಡೋಸ್ ಕೆಟ್ಟಿತ್ತು.

ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಡ್ರೈವರ್‌ಗಳನ್ನೂ ಹಾಕಬೇಕು. ಡ್ರೈವರ್ ಎಂದರೆ ಆ ಯಂತ್ರದ ಅಂಗಾಂಗಗಳನ್ನು ವಿಂಡೋಸಿಗೆ ಪರಿಚಯ ಮಾಡಿಕೊಡುವ ಪ್ರೋಗ್ರಾಂ. ಎಲ್ಲ ಸರಿಯಾಗಿ ಮಾಡಿದರೆ ಅರ್ಧ ದಿನದ ಕೆಲಸ. ನಮ್ಮಂಥ ಅಂಗಡಿಗಳಲ್ಲಿ ಒಂದು ಅಡ್ಡದಾರಿ ಇತ್ತು: ಚೆನ್ನಾಗಿ ನಡೆಯುವ ಒಂದು ಕಂಪ್ಯೂಟರಿನ ಇಡೀ ವಿಂಡೋಸನ್ನು ಸಿಡಿಗೆ ಇಳಿಸಿಟ್ಟುಕೊಂಡು, ಬಂದಬಂದ ಯಂತ್ರಗಳಿಗೆಲ್ಲ ಅದನ್ನೇ ಸುರಿಯುವುದು. ಒಬ್ಬರ ಅಳತೆಯ ಅಂಗಿಯನ್ನು ಎಲ್ಲರಿಗೂ ತೊಡಿಸಿದ ಹಾಗೆ. ನಾನು ಅದನ್ನೇ ಮಾಡಿದೆ. ಇಬ್ರಾಹಿಂ ಕೊಟ್ಟಿದ್ದ ಡ್ರೈವರ್ ಸಿಡಿಯನ್ನು ಕವರಿನಿಂದ ಹೊರಗೇ ತೆಗೆಯಲಿಲ್ಲ. "ನಿಮ್ಮದೆಂದು ನಾನೇ ಕೂತು ಎಲ್ಲ ಹೊಸತಾಗಿ ಹಾಕಿದ್ದೇನೆ" ಎಂದು ಹೇಳಿ ಕಳಿಸಿದೆ.

ಕೆಲವು ದಿನಗಳಲ್ಲಿ ಇಬ್ರಾಹಿಂ ಅವರ ಫೋನ್ ಬಂತು, ಗೇಮ್ ಸರಿಯಾಗಿ ನಡೆಯುತ್ತಿಲ್ಲವಂತೆ. ನಾನು ಬಸ್ಸು ಹತ್ತಿ ಸಿದ್ಧಕಟ್ಟೆಗೆ ಹೋದೆ.

ಹಗಲಿನಲ್ಲೇ ಕಿಟಕಿಗೆ ಹಸಿರು ಪರದೆ ಎಳೆದ ಕೋಣೆ. ಇಡೀ ಕೋಣೆ ನೀರಿನೊಳಗೆ ಮುಳುಗಿದಂತೆ ತೋರುತ್ತಿತ್ತು. ಕಂಪ್ಯೂಟರಿನ ತೆರೆಯ ಮೇಲೆ ಹೆಸರಿಲ್ಲದ ಒಂದು ಪೇಟೆ. ಅಗಲವಾದ, ಯಾರೂ ನಡೆಯದ ರಸ್ತೆಗಳು. ಪಕ್ಕದಲ್ಲಿ ಅಲೆಯಿಲ್ಲದ ಕಡಲು. ಇಬ್ರಾಹಿಂ ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದರು. ಅವರ ಹೆಂಡತಿ ಜೋಹರಾ ಸ್ಟೂಲಿನ ಮೇಲೆ ಕೂತು "ಬಲ, ಬಲ" ಎಂದು ಮೆಲ್ಲನೆ ಹೇಳುತ್ತಿದ್ದರು, ತೊಟ್ಟಿಲು ತೂಗುವವರಂತೆ. ನನಗೂ ಒಂದು ಗಳಿಗೆ ಆ ಕಡಲ ಬದಿಯಲ್ಲಿ ತೇಲಿಹೋದಂತಾಯಿತು. ಅಷ್ಟರಲ್ಲಿ ತಿರುವು ಬಂತು. ಚಿತ್ರ ಕಣ್ಣುಮಿಟುಕುವಷ್ಟು ಹೊತ್ತು ನಿಂತು, ಒಮ್ಮೆಗೇ ನೆಗೆದು, ಕಾರು ಎಡದ ಗೋಡೆಗೆ ಹೊಡೆಯಿತು.

"ನೋಡಿ ಇಂದ್ರರೇ, ತಿರುವಿನಲ್ಲಿ ಒಮ್ಮೆ ನಿಲ್ತದೆ, ಮತ್ತೆ ಹಾರ್ತದೆ. ಮೊದಲು ಹೀಗೆ ಇರ್ಲಿಲ್ಲ."

"ಗಾಡಿ ಹಾರುದಲ್ಲ, ತಿರುವು ಕಂಡ ಕೂಡಲೇ ಇವರ ಜೀವ ಹಾರುದು" ಎಂದು ಜೋಹರಾ ನಕ್ಕರು.

ಚಿತ್ರ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಆದರೆ ಒಪ್ಪಿಕೊಂಡರೆ ನನ್ನ ಅಡ್ಡದಾರಿ ಬಯಲಾಗುತ್ತಿತ್ತು. ಆ ನಗುವನ್ನೇ ಆಸರೆ ಮಾಡಿಕೊಂಡು ಹೇಳಿದೆ: "ಕಂಪ್ಯೂಟರ್ ಸರಿ ಉಂಟು ಮಾರಾಯ್ರೆ. ನಿಮ್ಮ ಕೈ ಇನ್ನೂ ಬಂಟ್ವಾಳದ ರಸ್ತೆಯಲ್ಲೇ ಉಂಟು."

ಮೂವರೂ ನಕ್ಕೆವು. ಚಹಾ ಕುಡಿದು ಬಂದೆ.

ಆಮೇಲೆ ನಮ್ಮ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಆ ದಿನ ನಾವು ಜೈನರು ಎದುರು ಸಿಕ್ಕವರಿಗೆಲ್ಲ ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತೇವೆ. ಬೆಳಿಗ್ಗೆಯಿಂದ ಹೇಳಿ ಹೇಳಿ ಆ ಮಾತು ನಾಲಿಗೆಯಲ್ಲಿ ತಾನಾಗಿ ಉರುಳುತ್ತಿತ್ತು. ಮಧ್ಯಾಹ್ನ ಇಬ್ರಾಹಿಂ ಸ್ಟೀರಿಂಗನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಭ್ಯಾಸಬಲದಿಂದ ಅವರಿಗೂ ಕೈಮುಗಿದೆ.

"ತಪ್ಪಾಗಿದ್ದರೆ ಕ್ಷಮಿಸಿ."

"ನಿಮ್ಮದೆಂಥ ತಪ್ಪು ಇಂದ್ರರೇ? ನೀವು ಸತ್ಯ ಹೇಳಿದ ಕಾರಣ ನನಗೆ ಬುದ್ಧಿ ಬಂತು. ಇದು ನನ್ನ ಕೈಗೆ ಆಗುವ ಕೆಲಸ ಅಲ್ಲ. ವ್ಯಾನ್ ಬೇರೆಯವರಿಗೆ ಕೊಡಿ ಅಂತ ಧಣಿಗೆ ಫೋನ್ ಮಾಡಿದ್ದೇನೆ. ಈ ಸ್ಟೀರಿಂಗ್ ಯಾರಿಗಾದರೂ ಕೊಟ್ಟುಬಿಡಿ."

ಮುಗಿದ ಕೈ ಹಾಗೆಯೇ ಉಳಿಯಿತು. ಅವರು ಬಸ್ಸಿನ ಕಡೆಗೆ ನಡೆದುಹೋದರು.

ಮರುದಿನ ಬೆಳಿಗ್ಗೆ ಸ್ಟೀರಿಂಗ್ ಮತ್ತು ಅಂಗಡಿಯಲ್ಲೇ ಉಳಿದಿದ್ದ ಅವರ ಡ್ರೈವರ್ ಸಿಡಿ ಹಿಡಿದುಕೊಂಡು ಸಿದ್ಧಕಟ್ಟೆಗೆ ಹೋದೆ. ವಿಂಡೋಸಿನ ಸೆಟ್ಟಿಂಗ್ ತೆರೆದು ನೋಡಿದರೆ ಹಾರ್ಡ್ ಡಿಸ್ಕ್ ಪಿಐಒ ಎಂಬ ಹಳೆಯ ಕ್ರಮದಲ್ಲಿ ನಡೆಯುತ್ತಿತ್ತು. ಸರಿಯಾದ ಡ್ರೈವರ್ ಇದ್ದರೆ ಡಿಸ್ಕ್ ತಾನೇ ಮಾಹಿತಿಯನ್ನು ಸಾಗಿಸುತ್ತದೆ. ಇಲ್ಲದಿದ್ದರೆ ಪ್ರೊಸೆಸರೇ ಹೋಗಿ ತುಸುತುಸು ಹೊತ್ತು ತರಬೇಕು. ಊಟದ ಪಂಕ್ತಿಯಲ್ಲಿ ಬಡಿಸುವವರಿಲ್ಲದೆ ಅಡುಗೆಯವನೇ ಒಲೆ ಬಿಟ್ಟು ಎಲೆ ಎಲೆಗೆ ಓಡಿದ ಹಾಗೆ. ತಿರುವು ಬಂದಾಗ ಹೊಸ ಬೀದಿಯ ಚಿತ್ರಗಳು ಡಿಸ್ಕಿನಿಂದ ಬರಬೇಕಿತ್ತು. ಅದಕ್ಕೇ ಕಾರು ನೇರ ರಸ್ತೆಯಲ್ಲಿ ಓಡಿ, ತಿರುವಿನಲ್ಲೇ ತಡವರಿಸುತ್ತಿತ್ತು.

ಸಿಡಿ ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ, ಸ್ಟೀರಿಂಗ್ ಇಬ್ರಾಹಿಂ ಕೈಗೆ ಕೊಟ್ಟೆ. ಕಾರು ಕಡಲ ಬದಿಗೆ ಇಳಿಯಿತು, ತಿರುಗಿತು, ಮತ್ತೆ ತಿರುಗಿತು. ಎಲ್ಲೂ ನಿಲ್ಲಲಿಲ್ಲ. ಬಲಬದಿಯ ಗೆರೆ ಬಿಡದೆ, ನಿದ್ದೆಯಲ್ಲಿ ಹರಿಯುವ ಹೊಳೆಯಂತೆ ಹೋಯಿತು.

"ಅಂದ್ರೆ ಅವತ್ತು ಇವರ ಕೈಯಲ್ಲಿ ದೋಷ ಇರ್ಲಿಲ್ವಾ?" ಜೋಹರಾ ಕೇಳಿದರು. ಈ ಸಲ ಅವರು ನಗಲಿಲ್ಲ.

"ಇರ್ಲಿಲ್ಲ. ದೋಷ ನಾನು ಮಾಡಿದ ಕೆಲಸದಲ್ಲಿತ್ತು. ಚಿತ್ರ ನಿಂತದ್ದನ್ನು ನಾನು ಅವತ್ತೇ ನೋಡಿದ್ದೆ."

ಇಬ್ರಾಹಿಂ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಇನ್ನೂ ಒಂದೆರಡು ಬೀದಿ ಸುತ್ತಿ, ಆ ಹೆಸರಿಲ್ಲದ ಪೇಟೆಯ ನಡುವೆ ಕಾರು ನಿಲ್ಲಿಸಿದರು.

"ಧಣಿಗೆ ಒಮ್ಮೆ ಫೋನ್ ಮಾಡಿ ನೋಡುವ" ಎಂದರು ಜೋಹರಾ. ಮಾಡಿದರು. ವ್ಯಾನಿನ ಕೆಲಸ ಆಗಲೇ ಬೇರೊಬ್ಬನ ಪಾಲಾಗಿತ್ತು.

ಹೊರಡುವಾಗ ಇಬ್ರಾಹಿಂ ಅಂಗಳದವರೆಗೆ ಬಂದರು. "ನಿನ್ನೆ ಕ್ಷಮಿಸಿ ಅಂದ್ರಲ್ಲ, ಯಾವುದಕ್ಕೆ ಅಂತ ಇವತ್ತು ಗೊತ್ತಾಯ್ತು. ಸ್ವಲ್ಪ ದಿನ ಹೋಗಲಿ ಇಂದ್ರರೇ. ಹೇಳ್ತೇನೆ."

ರಜೆ ಮುಗಿಸಿ ಅವರು ಮತ್ತೆ ಬೇಕರಿಯ ಒಲೆಯ ಮುಂದೆ ಹೋಗಿ ನಿಂತರು. ಮಾರನೆಯ ವರ್ಷ ದಮ್ಮು ಜೋರಾಗಿ ಊರಿಗೇ ಬಂದುಬಿಟ್ಟರು. ಈಗ ಬಂಟ್ವಾಳದ ಕಡೆಗೆ ಸಾಮಾನು ಸಾಗಿಸುವ ಟೆಂಪೋ ಓಡಿಸುತ್ತಾರೆ. ಹೇಳುತ್ತೇನೆ ಎಂದಿದ್ದ ಮಾತನ್ನು ಇಂದಿನವರೆಗೂ ಹೇಳಿಲ್ಲ. ನಾನೂ ಕೇಳಿಲ್ಲ.

ಆ ಅಡ್ಡದಾರಿಯ ಸಿಡಿಯನ್ನು ಸಿದ್ಧಕಟ್ಟೆಯಿಂದ ಮರಳಿದ ದಿನವೇ ಮುರಿದು ಹಾಕಿದೆ. ಯಂತ್ರದ ದೋಷವನ್ನು ಅದನ್ನು ಹಿಡಿದವನ ಕೈಗೆ ದಾಟಿಸಬಾರದು ಎಂದು ನನ್ನ ಕಸುಬು ನನಗೆ ಕಲಿಸಿತು. ಯಂತ್ರ ಕೆಟ್ಟರೆ ಮತ್ತೆ ವಿಂಡೋಸ್ ಹಾಕಬಹುದು. ಮನುಷ್ಯನಿಗೆ ತನ್ನ ಕೈಯ ಮೇಲಿನ ನಂಬಿಕೆ ಹೋದರೆ ಅದನ್ನು ಹಾಕಿಕೊಡುವ ವಿದ್ಯೆ ನನ್ನಲ್ಲಿಲ್ಲ. ಕ್ಷಮೆಯೂ ಹಾಗೆಯೇ, ಇಂಥ ತಪ್ಪು ಎಂದು ಬಾಯಿಬಿಟ್ಟು ಹೇಳದೆ ಕೇಳಿದರೆ ಅದು ಯಾರಿಗೂ ಮುಟ್ಟುವುದಿಲ್ಲ.

ಒಮ್ಮೊಮ್ಮೆ ದಾರಿಯಲ್ಲಿ ಟೆಂಪೋ ನಿಲ್ಲಿಸಿ "ಹತ್ತಿ ಇಂದ್ರರೇ, ಬಿಡ್ತೇನೆ" ಎನ್ನುತ್ತಾರೆ. ಪಕ್ಕದಲ್ಲಿ ಕೂರುತ್ತೇನೆ. ತಿರುವು ಬಂದಾಗ ನಾನು ರಸ್ತೆಯನ್ನು ನೋಡುವುದಿಲ್ಲ, ಅವರ ಕೈಗಳನ್ನು ನೋಡುತ್ತೇನೆ. ಅವು ಎಲ್ಲಿಯೂ ತಡವರಿಸುವುದಿಲ್ಲ.