ಖಂಡೆಪ್ಪ ಮಾಸ್ತರರ ಸೀಗಡಿಗಳು

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ತೀರಿಕೊಂಡ ಅಕ್ಕಲಕೋಟೆಯ ಖಂಡೆಪ್ಪ ಮಾಸ್ತರರು ಗೆಳೆಯ ನಾಮದೇವನಿಗೆ ನೆನಪಾಗುವುದು ಗಾಜಿನ ಬರಣಿಗಳ ನಡುವೆಯೇ. ಸೊಲ್ಲಾಪುರದ ನವಿ ಪೇಠದ ಅಂಗಡಿಗಳಿಂದ ತಂದ ಆ ಪೆಪ್ಪರಮಿಂಟಿನ ಬರಣಿಗಳಲ್ಲಿ ಅವರು ಕೆರೆಯ ಸಣ್ಣ ಸೀಗಡಿ ಸಾಕುತ್ತಿದ್ದರು. ಅಚ್ಚ ಕೆಂಪು ಬಣ್ಣದ ತಳಿಯೊಂದನ್ನು ಬೆಳೆಸಬೇಕೆಂಬುದು ಅವರ ಎಂಟು ವರ್ಷದ ಹಟ. ಹೊಟ್ಟೆಯಡಿ ಮೊಟ್ಟೆ ಹೊತ್ತ ಕೆಂಪು ಹೆಣ್ಣು ಕಂಡರೆ, "ಬಾಣಂತಿ ಮನಿ, ಸಪ್ಪಳ ಮಾಡಬ್ಯಾಡ್ರಿ" ಎಂದು ಬಂದವರನ್ನು ಅಂಗಳದಲ್ಲೇ ನಿಲ್ಲಿಸುವರು. "ನನ್ನ ಬಾಣಂತನಕ್ಕ ಇಷ್ಟ ಕಾಳಜಿ ಇರಲಿಲ್ಲ ನೋಡ್ರಿ ಭಾವಜಿ" ಎಂದು ಹೆಂಡತಿ ಹಿರಾಬಾಯಿ ನಾಮದೇವನ ಮುಂದೆ ನಗುವಳು. ಆದರೂ ತಳಿ ಕೆಂಪಾಗಲಿಲ್ಲ. ಬೆಳಿಗ್ಗೆ ಆರಿಸಿ ತೆಗೆದ ಬಿಳಿಚಿದ ಮರಿಗಳನ್ನು ಸಂಜೆ ಮಾಸ್ತರರೇ ಮತ್ತೆ ಕೆಂಪಿನವುಗಳ ಜೊತೆ ಬಿಡುತ್ತಿದ್ದರು. ಅದನ್ನು ಕಂಡ ನಾಮದೇವ ಒಮ್ಮೆ ರೇಗಿದ: "ಹಿಂಗ ಮಾಡಿದ್ರ ಕೆಂಪು ತಳಿ ಯಾವಾಗ ಬರತೈತೋ ಮಾಸ್ತರಾ?" ಅವರು ಬರಣಿಯ ಬಾಯಿಗೆ ಅರಿವೆ ಕಟ್ಟುತ್ತ ಅಂದರು: "ಹುಟ್ಟು ನೋಡಿ ನಮ್ಮಿಬ್ಬರನ್ನ ಸಾಲಿ ಹೊರಗ ಕೂಡಿಸಿದ್ರು. ಬಣ್ಣ ನೋಡಿ ಇವನ್ನ ಹೊರಗ ಹಾಕಾಕ ನನ್ನ ಕೈ ಏಳವಲ್ದೋ ನಾಮ್ಯಾ."